ಮಾಸ್ತರರ ಮಣ್ಣು ಎಷ್ಟೊತ್ತಿಗೆ?

ಕಳೆದ ವಾರ ಕೈಯಲ್ಲಿ ಹಾರ ಹಿಡಿದುಕೊಂಡು ಐರಣಿಗೆ ಹೋದೆ. ನಮ್ಮ ನಿಂಗಪ್ಪ ಮಾಸ್ತರರ ಮಣ್ಣಿಗೆ. ಊರ ಅಗಸಿ ಬಾಗಿಲ ಹತ್ತಿರ ಬರುವಷ್ಟರಲ್ಲಿ ಎದುರಿಗೆ ಜನ ಬರುತ್ತಿದ್ದರು. ಹೊಳೆಯಲ್ಲಿ ಕೈಕಾಲು ತೊಳೆದುಕೊಂಡು, ಒದ್ದೆ ಧೋತರದ ಅಂಚು ಹಿಂಡುತ್ತಾ.

"ಎಲ್ಲಾ ಮುಗೀತಲ್ರೀ. ಈಗ ಬಂದ್ರೇನು?" ಎಂದರು ಒಬ್ಬ ಹಿರಿಯರು.

ಮುಗಿಯಿತೇ? ನಾಲ್ಕು ಗಂಟೆಗಲ್ಲವೇ? ಇನ್ನೂ ಮೂರೂ ಆಗಿರಲಿಲ್ಲ.

(ಬೇರೆ ಕಡೆಯ ಓದುಗರಿಗೆ ಒಂದು ಮಾತು: ನಮ್ಮ ಹಾವೇರಿ ಸೀಮೆಯಲ್ಲಿ 'ಮಣ್ಣಿಗೆ ಹೋಗುವುದು' ಎಂದರೆ ಶವಸಂಸ್ಕಾರಕ್ಕೆ ಹೋಗುವುದು. ಕೊನೆಗೊಮ್ಮೆ ಮುಖ ನೋಡಿ, ಕುಣಿಗೆ ಒಂದು ಹಿಡಿ ಮಣ್ಣು ಹಾಕಿ ಬರಬೇಕು. ಮದುವೆ ತಪ್ಪಿಸಿದರೆ ಹೇಗೋ ನಡೆಯುತ್ತದೆ. ಮಣ್ಣು ತಪ್ಪಿಸಿದರೆ ನಡೆಯುವುದಿಲ್ಲ.)

ಆಗಿದ್ದು ಇಷ್ಟು. ಬೆಳಿಗ್ಗೆ ಹಾವೇರಿಯ ಮನೆಯಲ್ಲಿ ಚಹಾ ಕುಡಿಯುತ್ತಾ ಫೋನ್ ನೋಡಿದೆ. ಗೆಳೆಯರ ಸ್ಟೇಟಸ್ಸಿನಲ್ಲೆಲ್ಲ ಮಾಸ್ತರರ ಫೋಟೊ, ಕೆಳಗೆ 'ಓಂ ಶಾಂತಿ'. ಟೈಮ್ ಮಾತ್ರ ಒಬ್ಬರೂ ಹಾಕಿರಲಿಲ್ಲ. ಮಾಸ್ತರರ ಮನೆಗೇ ಫೋನ್ ಮಾಡಬಹುದಿತ್ತು. ಆದರೆ ಸಾವಿನ ಮನೆಗೆ ಫೋನ್ ಹಚ್ಚಿ 'ಎಷ್ಟೊತ್ತಿಗೆ ಎತ್ತುತ್ತೀರಿ' ಎಂದು ಕೇಳಲು ನಮ್ಮ ಕಡೆಯವರಿಗೆ ಬಾಯಿ ಬರುವುದಿಲ್ಲ. ನಾವೇ ಅವಸರ ಮಾಡಿದಂತಾಗುತ್ತದೆ.

ಹಾಗಾಗಿ ಸರ್ಚ್ ಮಾಡಿದೆ. ಸ್ಕ್ರೀನಿನ ನೆತ್ತಿಯ ಮೇಲೇ ಉತ್ತರ ಬಂತು. ಸಂಜೆ ನಾಲ್ಕು ಗಂಟೆ, ಐರಣಿಯ ಅವರ ಹೊಲದಲ್ಲಿ. ಯಂತ್ರವೇ ತಯಾರಿಸಿದ ಸಾರಾಂಶ. ಎಷ್ಟು ಅಚ್ಚುಕಟ್ಟು! ಅದರ ಕೆಳಗೆ ಸಣ್ಣದೊಂದು ಲಿಂಕ್ ಇತ್ತು. ಒತ್ತಲಿಲ್ಲ. ಉತ್ತರ ಸಿಕ್ಕ ಮೇಲೆ ಲಿಂಕ್ ಯಾರು ಒತ್ತುತ್ತಾರೆ? ನೀವು ಒತ್ತುತ್ತೀರಾ?

ಟೈಮ್ ಇದೆಯಲ್ಲ ಎಂದು ನಿಧಾನಕ್ಕೆ ಬಸ್ ಹತ್ತಿದೆ. ರಾಣೆಬೆನ್ನೂರಿನಲ್ಲಿ ಇಳಿದು, ಎರಡು ಅಂಗಡಿ ತಿರುಗಿ ಒಳ್ಳೆಯ ಹಾರ ಆರಿಸಿದೆ. ಅಷ್ಟೊತ್ತಿಗೆ ಐರಣಿಯಲ್ಲಿ ಮಾಸ್ತರರನ್ನು ಎತ್ತಿಯಾಗಿತ್ತು.

ಅಗಸಿಯ ಹತ್ತಿರ ಹಾಗೇ ನಿಂತಿದ್ದಾಗ ಸಾವಿತ್ರಿ ಸಿಕ್ಕಳು. ಮಾಸ್ತರರು ಕಲಿಸಿದ ಶಾಲೆಯಲ್ಲೇ ನನಗಿಂತ ಹಿಂದಿನ ಕ್ಲಾಸಿನವಳು. ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ನ್ಯೂಸ್ ವೆಬ್‌ಸೈಟ್ ನಡೆಸುತ್ತಾಳೆ. ರಿಪೋರ್ಟರ್, ಎಡಿಟರ್, ಫೋಟೊಗ್ರಾಫರ್ ಎಲ್ಲ ಅವಳೇ. ಸುತ್ತಲಿನ ಊರುಗಳಲ್ಲಿ ಯಾರು ತೀರಿಕೊಂಡರು, ಮಣ್ಣು ಎಲ್ಲಿ, ಎಷ್ಟೊತ್ತಿಗೆ ಎನ್ನುವ ಸುದ್ದಿಗೆ ಅವಳ ಸೈಟು ಹೆಸರುವಾಸಿ. ನಾನು ಒತ್ತದ ಆ ಲಿಂಕ್ ಅವಳ ಸೈಟಿನದೇ; ನನ್ನ ಫೋನು ಹೇಳಿದ ಉತ್ತರ ಅಲ್ಲಿಂದಲೇ ಬಂದದ್ದು.

ಸಿಟ್ಟು ಬಂತು. "ನಾಕು ಅಂತ ಯಾಕ ಬರದಿ, ಸಾವಿತ್ರಿ?" ಎಂದೆ.

"ಮುಂಜಾನೆ ಕೇಳಿದಾಗ ನಾಕಕ್ಕ ಅಂತನ ಇತ್ರಿ ಅಣ್ಣಾರ. ಆಮ್ಯಾಲ ಕ್ರಿಯಾ ಮಾಡಸೋ ಸ್ವಾಮಿಗೋಳು ಸಂಜೀಕ ಬ್ಯಾಡಗಿಗೆ ಹೋಗೋರದಾರ ಅಂತ ಒಂದಕ್ಕ ತಗೊಂಡ್ರು. ನಂಗ ತಿಳದ ಕೂಡ್ಲೆ ತಿದ್ದಿ ಹಾಕೇನಿ, ಕೆಂಪ ಅಕ್ಷರದಾಗ. ನೀವು ಸೈಟಿನ ಒಳಗ ಬಂದಿದ್ರ ಕಾಣ್ತಿತ್ತು."

ನಾನು ಒಳಗೆ ಹೋಗಿರಲಿಲ್ಲ.

ಹೊತ್ತು ಬದಲಾದದ್ದು ಅವಳಿಗೆ ಹೇಗೆ ತಿಳಿಯಿತು? "ಮನಿಯವರನ್ನ ಕೇಳಾಕ ನಂಗೂ ಬಾಯಿ ಬರಂಗಿಲ್ರಿ. ಕುಣಿ ತೋಡೋರಿಗೆ ಫೋನ್ ಹಚ್ತೇನಿ. ಒಮ್ಮೆ ಬರದು ಬಿಡಂಗಿಲ್ಲ, ಮತ್ತ ಮತ್ತ ಕೇಳ್ತಿರ್ತೇನಿ" ಎಂದಳು. ಸಾರಾಂಶ ಮಾಡಿದ ಯಂತ್ರ ಬೆಳಗಿನ ಸಾಲನ್ನೇ ಹಿಡಿದುಕೊಂಡು ಕೂತಿತ್ತು.

ಇಬ್ಬರೂ ಹೊಲದ ಕಡೆ ನಡೆದೆವು. ದಾರಿಯಲ್ಲಿ ಅವಳೇ ಹೇಳಿದಳು. "ಮೊದಲ ಈ ಸರ್ಚೇ ಮಂದೀನ ನನ್ನ ಕಡೆ ಕಳಸ್ತಿತ್ರಿ. ಮಂದಿ ಬಂದ್ರ ಜಾಹೀರಾತು ಬರ್ತಿದ್ವು. ಈಗ ಬಾಗಲದಾಗ ನಿಂತು ತಾನ ಉತ್ತರ ಹೇಳಿ ವಾಪಸ್ ಕಳಸತೈತಿ."

"ನನ್ನ ಸುದ್ದಿ ಮುಟ್ಟಬ್ಯಾಡ ಅಂತ ಅದಕ್ಕ ಹೇಳಾಕ ಬರಂಗಿಲ್ಲೇನು?" ಎಂದೆ.

"ಹೇಳಬೌದ್ರಿ. ಹಂಗ ಹೇಳಿದ್ರ ಹುಡುಕಿದವರಿಗೆ ನಾ ಕಾಣದಂಗ ಆದ್ರ? ಅದೊಂದು ಅಂಜಿಕಿ. ಕಾಣಲಿಲ್ಲಂದ್ರ ಸೈಟ್ ಇದ್ದೂ ಇಲ್ಲದಂಗ. ಕಂಡ್ರೂ ಯಾರೂ ಒಳಗ ಬರಂಗಿಲ್ಲ. ಯುಗಾದಿಗೆ ಸೈಟ್ ಬಂದ್ ಮಾಡಬೇಕು ಅನಸೇತಿ."

ಯಂತ್ರವನ್ನು ಬೈಯುವುದು ಸುಲಭ. ಆದರೆ ಸರ್ಚೇ ಇಲ್ಲದಿದ್ದರೆ ಸಾವಿತ್ರಿಯ ಸೈಟು ಇದೆಯೆಂದು ಬ್ಯಾಡಗಿಯವರಿಗೆ, ಕುಮಾರಪಟ್ಟಣದವರಿಗೆ ಗೊತ್ತಾಗುತ್ತಿತ್ತೇ? ಸಾವಿತ್ರಿ ಬರೆಯದಿದ್ದರೆ ಅದಕ್ಕಾದರೂ ಹೇಳಲು ಏನಿತ್ತು? ಇಬ್ಬರದೂ ಬೀಗರ ಸಂಬಂಧ. ಎಷ್ಟೇ ಮುನಿಸಿದ್ದರೂ ಬಿಟ್ಟು ಬದುಕುವಂತಿಲ್ಲ. ನಡುವೆ ನಾವಿದ್ದೇವೆ. ಹೊರಗೆ ನಿಂತೇ ಉತ್ತರ ಕೇಳಿಸಿಕೊಂಡು ಹಾಗೇ ಹೊರಟುಹೋಗುವವರು. ಪುಕ್ಕಟೆ ಸಿಕ್ಕಾಗ ಇದು ಯಾರ ಕೆಲಸ ಎಂದು ಕೇಳುವ ಅಭ್ಯಾಸ ನಮಗಿಲ್ಲ.

ಹೊಲದಲ್ಲಿ ಮಣ್ಣು ಇನ್ನೂ ಹಸಿ ಇತ್ತು. ಹಾರ ಇಟ್ಟೆ. ಒಂದು ಹಿಡಿ ಮಣ್ಣು ಹಾಕಿದೆ. ಪ್ರತಿ ವಾರ ಈ ಅಂಕಣ ಓದಿ ಮಾಸ್ತರರು ಫೋನ್ ಮಾಡುತ್ತಿದ್ದರು. "ಇಂಗ್ಲಿಷ್ ಭಾಳ ಆತು ನೋಡಪಾ ಈ ಸಲ." (ಈ ಸಲವೂ ಆಗಿದೆ, ಮಾಸ್ತರೇ.) ಆ ಮುಖವನ್ನು ಇನ್ನೊಮ್ಮೆ ನೋಡಬೇಕಿತ್ತು. ಅಳು ತಡೆಯಲಾಗಲಿಲ್ಲ.

ಮನೆಗೆ ಹೋದಾಗ ಮಾಸ್ತರರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನೀ ಬರ್ತಿ ಅಂತ ಎತ್ತೂದ ಸ್ವಲ್ಪ ತಡಾ ಮಾಡಿಸಿದ್ನೆಪಾ" ಎಂದರು. ಫೋನು ತಪ್ಪು ಹೇಳಿತು ಎನ್ನಲೇ?

ವಾಪಸ್ ಬರುವಾಗ ಬಸ್ಸಿನಲ್ಲಿ ಸಾವಿತ್ರಿಯ ಫೋನ್ ರಿಂಗಾಯಿತು. ಬ್ಯಾಡಗಿಯಲ್ಲಿ ಯಾರೋ ತೀರಿಕೊಂಡಿದ್ದರು. ಕುಲುಕುವ ಬಸ್ಸಿನಲ್ಲೇ ಅವಳು ಒಂದು ನಂಬರ್ ಹುಡುಕಿ ಹಚ್ಚಿದಳು. "ಕಾಕಾರ, ಕುಣಿ ತೋಡಾಕ ಎಷ್ಟೊತ್ತಿಗೆ ಬಾ ಅಂದಾರ್ರಿ?"

ಯುಗಾದಿ ಕಳೆದ ಮೇಲೂ ನಾವು ಕೇಳುತ್ತಲೇ ಇರುತ್ತೇವೆ, ಫೋನು ಅಷ್ಟೇ ಅಚ್ಚುಕಟ್ಟಾಗಿ ಹೇಳಲು ನೋಡುತ್ತದೆ. ಆದರೆ ಕುಣಿ ತೋಡುವವರಿಗೆ ಫೋನ್ ಮಾಡುವವರು ಯಾರು?