ಬಲಕ್ಕೆ ಹೊರಳುವ ಕುತ್ತಿಗೆ

ನನ್ನ ಕುತ್ತಿಗೆ ಬಲಕ್ಕೆ ಹೊರಳುವಷ್ಟು ಸಲೀಸಾಗಿ ಎಡಕ್ಕೆ ಹೊರಳುವುದಿಲ್ಲ. ಡಾಕ್ಟರು ಇದಕ್ಕೊಂದು ಉದ್ದನೆಯ ಹೆಸರಿಟ್ಟು, ತೆಳ್ಳನೆಯ ದಿಂಬು ಬಳಸಿರೆಂದು ಹೇಳಿ ಕಳಿಸಿದರು. ನಾನೂ ಸಾಧ್ಯವಾದ ದಿಕ್ಕಿನಲ್ಲಿ ತಲೆಯಾಡಿಸಿ ಬಂದೆ. ನಿಜವಾದ ಕಾರಣ ಎಕ್ಸ್‌ರೇಯಲ್ಲಿ ಬೀಳುವಂಥದ್ದಲ್ಲ. ಹೈದರಾಬಾದಿನ ನಮ್ಮ ಕಾಲೊನಿಯ ಪಾರ್ಕಿನಲ್ಲಿ ಒಂದು ಸಿಮೆಂಟಿನ ಬೆಂಚಿದೆ. ಅದರ ಎಡತುದಿಯಲ್ಲಿ ನಾನು ಕೂರುತ್ತೇನೆ, ನಟ್ಟನಡುವೆ ಬಸವಂತರಾಯರು ಕೂರುತ್ತಾರೆ, ಆರು ವರ್ಷಗಳಿಂದ ದಿನಾ ಬೆಳಿಗ್ಗೆ ಒಂದು ತಾಸು ನನ್ನ ಮುಖ ಅವರ ಕಡೆಗೇ ತಿರುಗಿರುತ್ತದೆ. ಹೊಟ್ಟೆಯಲ್ಲಿ ಹುಟ್ಟಿದ ಕಿಚ್ಚು ಕುತ್ತಿಗೆಯವರೆಗೂ ಏರಬಲ್ಲದೆಂದು ಯಾವ ವೈದ್ಯಶಾಸ್ತ್ರದಲ್ಲಿ ಬರೆದಿದ್ದಾರೋ ನಾನರಿಯೆ, ನನ್ನ ಮಟ್ಟಿಗಂತೂ ಅದು ಸಿದ್ಧವಾದ ಸತ್ಯ.

ಮುಚ್ಚಿಟ್ಟು ಏನು ಪ್ರಯೋಜನ? ನನಗೆ ಬಸವಂತರಾಯರ ಮೇಲೆ ಹೊಟ್ಟೆಕಿಚ್ಚು. ಅವರ ಪಿಂಚಣಿಯ ಮೇಲಲ್ಲ, ಎಪ್ಪತ್ತರಲ್ಲೂ ಉಳಿದಿರುವ ಕಪ್ಪು ಕೂದಲಿನ ಮೇಲೂ ಅಲ್ಲ (ಅದರ ಮೇಲೆ ಸ್ವಲ್ಪ ಇದೆ, ಬಿಡಿ). ಅವರು ಬಾಯಿ ತೆರೆದರೆ ಜನ ಕೇಳುತ್ತಾರಲ್ಲ, ಅದರ ಮೇಲೆ. ಬೀದರ ಕಡೆಯ ಈ ಮಹಾನುಭಾವರು ರೈಲು ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂತು ಮೂವತ್ತು ವರ್ಷ ಕೇಳಿದವರಿಗೆಲ್ಲ ಉತ್ತರ ಕೊಟ್ಟವರು. ಕಿಟಕಿ ಬಿಟ್ಟು ಬಂದರೂ ಉತ್ತರ ಕೊಡುವುದನ್ನು ಬಿಡಲಿಲ್ಲ. ಈಗ ಯಾರೂ ಕೇಳದಿದ್ದರೂ ಕೊಡುತ್ತಾರೆ.

ನನ್ನದು ಇದಕ್ಕೆ ತದ್ವಿರುದ್ಧವಾದ ವೃತ್ತಿಧರ್ಮ. ನಾನು ಕೇಂದ್ರ ಸರ್ಕಾರದ ಒಂದು ರಕ್ಷಣಾ ಕಾರ್ಖಾನೆಯಲ್ಲಿದ್ದವನು. ಗೇಟಿನ ಹೊರಗೆ ಕೆಲಸದ ಸುದ್ದಿ ಎತ್ತಬಾರದೆಂಬುದು ಅಲ್ಲಿಯ ಕಟ್ಟುನಿಟ್ಟು, ಹೆಂಡತಿಗೂ ಹೇಳುವಂತಿಲ್ಲ. ಆದ್ದರಿಂದ ನಮ್ಮ ಕಾಲೊನಿಯ ಮದುವೆ ಮುಂಜಿಗಳಲ್ಲಿ ಯಾರಾದರೂ ‘ನಿಮ್ಮ ಫ್ಯಾಕ್ಟರ್‍ಯಾಗ ಏನ್ ಮಾಡ್ತೀರಿ’ ಎಂದು ಕೇಳಿದರೆ ನಾವೆಲ್ಲರೂ ಒಂದೇ ಮಂತ್ರ ಹೇಳುತ್ತಿದ್ದೆವು: ‘ಅದನ್ನ ಹೇಳಾಕ ಬರಂಗಿಲ್ರಿ.’ ಹೇಳಿ, ಗಂಭೀರವಾಗಿ ಜಿಲೇಬಿಗೆ ಕೈ ಹಾಕುತ್ತಿದ್ದೆವು. ಈ ಒಂದು ವಾಕ್ಯ ನನಗೆ ತಂದುಕೊಟ್ಟ ಘನತೆ ಅಷ್ಟಿಷ್ಟಲ್ಲ. ನನ್ನ ನಾದಿನಿ ಇವತ್ತಿಗೂ ಕ್ಷಿಪಣಿಗಳೆಲ್ಲ ನನ್ನ ಅಂಗೈಯಿಂದಲೇ ಹಾರಿದವೆಂದು ನಂಬಿದ್ದಾಳೆ. ನಾನು ಮೂವತ್ತೆರಡು ವರ್ಷ ಮಾಡಿದ್ದು ಮರದ ಪೆಟ್ಟಿಗೆಗಳಿಗೆ ಹುಲ್ಲು ತುಂಬುವ ವಿಭಾಗದ ಗುಮಾಸ್ತಿಕೆ. ಒಳಗಿನ ವಸ್ತು ಮೊಹರು ಹಾಕಿಕೊಂಡೇ ಬರುತ್ತಿತ್ತು, ಅದು ಏನೆಂದು ನನಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಳಿ ಬಚ್ಚಿಡುವಂಥದ್ದು ಏನೂ ಇರಲಿಲ್ಲ, ಬಚ್ಚಿಡುವ ಭಂಗಿಯೊಂದನ್ನು ಬಿಟ್ಟರೆ.

ಹೋದ ಚಳಿಗಾಲದ ಮಾತು. ದೂರದ ಯಾವುದೋ ಊರಿನಲ್ಲಿ ಒಬ್ಬ ಜನರ ಗುಂಪಿನ ಮೇಲೆ ಕಾರು ನುಗ್ಗಿಸಿದ. ಮರುದಿನ ಅದೇ ಊರಿನ ಬಸ್ ನಿಲ್ದಾಣದಲ್ಲಿ ಸಿಡಿಯದ ಎರಡು ಬಾಂಬು ಸಿಕ್ಕವು. ಯಾರು, ಯಾಕೆ ಎಂಬುದು ಪೊಲೀಸರಿಗೇ ತಿಳಿದಿರಲಿಲ್ಲ. ನಮ್ಮ ಬೆಂಚಿಗೆ ಮಾತ್ರ ತಿಳಿದಿತ್ತು. ಕಾರು ಏಳು ನಲವತ್ತಕ್ಕೆ ಹೊರಟು ಏಳು ಐವತ್ತೆರಡಕ್ಕೆ ತಲುಪಿತೆಂದು ಬಸವಂತರಾಯರು ಪ್ಲಾಟ್‌ಫಾರಂ ನಂಬರಿನ ಸಮೇತ ಹೇಳುವ ಧಾಟಿಯಲ್ಲಿ ಹೇಳಿದರು. ಬಾಂಬು ಯಾಕೆ ಸಿಡಿಯಲಿಲ್ಲ? ಸೋಮವಾರ ಬ್ಯಾಟರಿ ಸತ್ತಿತ್ತು, ಮಂಗಳವಾರ ಮಂಜಿಗೆ ಮದ್ದು ತೊಯ್ದಿತ್ತು, ಬುಧವಾರದ ಹೊತ್ತಿಗೆ ಬಾಂಬಿಟ್ಟವನಿಗೆ ತಾಯಿಯ ನೆನಪಾಗಿ ಕೈ ನಡುಗಿತ್ತು. ಪತ್ರಿಕೆ ಬೇರೆಯದನ್ನು ಬರೆದರೆ, ಗಾಡಿ ತಡವಾಗಿದೆಯೆಂದು ಪ್ರಯಾಣಿಕರಿಗೆ ಹೇಳಿದಷ್ಟೇ ನಿರ್ಲಿಪ್ತತೆಯಿಂದ ‘ಪೇಪರ್ನವ್ರಿಗೆ ಸುದ್ದಿ ಲೇಟ್ ಮುಟ್ತೈತ್ರಿ’ ಎನ್ನುತ್ತಿದ್ದರು. ಸಿಕ್ಕಿಬೀಳದವನ ಹೆಸರು, ಜಾತಿ, ಗಡ್ಡದ ಉದ್ದಳತೆಗಳೂ ಬೆಂಚಿನ ಮೇಲೆ ಸರ್ವಾನುಮತದಿಂದ ನಿರ್ಧಾರವಾಗಿದ್ದವು. ಬಸ್ಸಿನಲ್ಲಿ ಯಾರೋ ಮರೆತ ಚೀಲವನ್ನು ಕಂಡು ಮುಂದಿನ ಸ್ಟಾಪಿನಲ್ಲೇ ಇಳಿದು ನಡೆದ ಕಾಲವನ್ನು ನಮ್ಮ ಊರೂ ಕಂಡದ್ದೇ. ಭಯ ಇದ್ದದ್ದು ಸುಳ್ಳಲ್ಲ. ಆದರೆ ಆ ನಾಲ್ಕು ದಿನ ಬೆಂಚಿನ ಮೇಲಿದ್ದದ್ದು ಭಯಕ್ಕಿಂತ ಹೆಚ್ಚಾಗಿ ಹುರುಪು.

ನನಗೋ, ಮೈಯೆಲ್ಲ ಉರಿ. ಎಲಾ ಇವರ! ಬಾಂಬು ಎಂದರೆ ನನ್ನ ಇಲಾಖೆಯಲ್ಲವೆ? ಸಂಬಳ ತಿಂದದ್ದು ನಾನು, ಮೊಹರು ಮುಟ್ಟಿದ್ದು ನಾನು. ರೈಲಿನ ಹೊತ್ತು ಹೇಳುತ್ತಿದ್ದವರ ಬಾಯಿಂದ ಸ್ಫೋಟಕಶಾಸ್ತ್ರ ಕೇಳುವ ಹಣೆಬರಹ! ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಗೊಣಗಿದೆ. ಹೆಂಡತಿ ಸುಶೀಲಾ, ‘ನೀವೂ ನಾಕ್ ಮಾತ ಆಡ್ರಿ, ಯಾರು ಬ್ಯಾಡ ಅಂದಾರ?’ ಎಂದು ಸಾರು ಬಡಿಸಿದಳು. ಆಡಲು ನನ್ನ ಬಳಿ ನಾಲ್ಕು ಮಾತು ಇರಲಿಲ್ಲವೆಂಬುದನ್ನು ಅವಳಿಗೂ ಹೇಳಾಕ ಬರಂಗಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಪಾರ್ಕಿನ ಗೇಟಿಗೆ ಒಂದು ಟ್ರಾಲಿ ಆಟೊ ಓರೆಯಾಗಿ ನಿಂತಿತ್ತು. ಒಂದು ಚಕ್ರ ಫುಟ್‌ಪಾತಿನ ಮೇಲೆ, ನಂಬರಿನ ಮೇಲೆ ಸಿಮೆಂಟಿನ ಕೆಸರು, ಚಾಲಕನ ಸುಳಿವಿಲ್ಲ. ಹಿಂದಿನ ತಾಡಪತ್ರಿಯ ಅಂಚಿನಿಂದ ಸ್ಟೀಲಿನ ದೊಡ್ಡ ಟಿಫಿನ್ ಡಬ್ಬಿಯೊಂದು ಇಣುಕುತ್ತಿತ್ತು. ಅದರ ಮುಚ್ಚಳದಲ್ಲಿ ತೂತು, ತೂತಿನಿಂದ ಒಂದು ಕೆಂಪು ಒಂದು ಕರಿ ವೈರು, ವೈರಿನ ತುದಿಗೆ ಬ್ಯಾಟರಿ. ನಾಲ್ಕು ದಿನ ಗಾಡಿಯನ್ನೂ ಬಾಂಬನ್ನೂ ಅರೆದು ಕುಡಿದ ನಮ್ಮ ಬೆಂಚಿಗೆ ಇನ್ನೇನು ಬೇಕು? ಬಸವಂತರಾಯರು ಎದ್ದು ನಿಂತು, ಯಾರೂ ಹತ್ತಿರ ಹೋಗಬ್ಯಾಡ್ರಿ ಎಂದು ಕೈಯೆತ್ತಿದರು. ಅಷ್ಟರಲ್ಲಿ ಪಕ್ಕದ ರಸ್ತೆಯ ನಿವೃತ್ತ ಮಾಸ್ತರರಾದ ರೆಡ್ಡಿಯವರಿಗೆ ನನ್ನ ನೆನಪಾಯಿತು. ‘ಮೀರು ಚೆಪ್ಪಂಡಿ ಸಾರ್, ಇದಿ ಬಾಂಬೇನಾ?’ ಎಂದರು. ಅಂದರೆ, ನೀವೇ ಹೇಳಿ, ಇದು ಬಾಂಬೇ ಏನು ಎಂದು. ಆರು ವರ್ಷಗಳಲ್ಲಿ ಮೊದಲ ಸಲ ಎಲ್ಲ ಕುತ್ತಿಗೆಗಳೂ ನನ್ನ ಕಡೆಗೆ ಹೊರಳಿದವು, ಬಸವಂತರಾಯರದೂ.

ಈಗ ನಿಮ್ಮ ಮುಂದೆ ತಲೆ ತಗ್ಗಿಸಿ ಹೇಳಬೇಕಾದ ಮಾತು. ಆ ಡಬ್ಬಿ ಯಾವುದೆಂದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಅದು ಮಕ್ಬೂಲನ ರೇಡಿಯೊ. ಭಾಲ್ಕಿ ಕಡೆಯಿಂದ ಬಂದು ಟೈಲ್ಸ್ ಹಾಕುವ ಕೆಲಸ ಮಾಡುವ ಮಕ್ಬೂಲ್, ಕಲ್ಲು ಕೊಯ್ಯುವ ಧೂಳಿಗೆ ಎರಡು ರೇಡಿಯೊ ಕೆಟ್ಟುಹೋದ ಮೇಲೆ ಮೂರನೆಯದನ್ನು ಟಿಫಿನ್ ಡಬ್ಬಿಯೊಳಗೆ ಕೂಡಿಸಿ, ವೈರನ್ನು ಮಾತ್ರ ಹೊರಗೆಳೆದು ಬ್ಯಾಟರಿಗೆ ಕಟ್ಟಿಕೊಂಡಿದ್ದ. ಹಿಂದಿನ ವರ್ಷ ನಮ್ಮ ಬಚ್ಚಲುಮನೆಯಲ್ಲಿ ಎಂಟು ದಿನ ಅದು ಹಾಡಿದೆ. ‘ಮಕ್ಬೂಲನ ರೇಡಿಯೊರಿ’ ಎಂದು ಎರಡು ಶಬ್ದ ಅಂದಿದ್ದರೆ ಎಲ್ಲರೂ ನಕ್ಕು, ಕುತ್ತಿಗೆಗಳು ತಿರುಗಿ ನಡುವಿನ ಜಾಗಕ್ಕೆ ಹೋಗುತ್ತಿದ್ದವು. ಹೋಗಲಿ ಎನ್ನಲು ಮನಸ್ಸು ಬರಲಿಲ್ಲ. ಒಂದೇ ಒಂದು ನಿಮಿಷ ಆ ಕಣ್ಣುಗಳೆಲ್ಲ ನನ್ನ ಮೇಲಿರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು, ಡಬ್ಬಿಯನ್ನು ದಿಟ್ಟಿಸಿ, ಉಸಿರೆಳೆದು ಅಂದೆ: ‘ಅದನ್ನ ಹೇಳಾಕ ಬರಂಗಿಲ್ರಿ.’

ಮದುವೆಮನೆಯಲ್ಲಿ ಜಿಲೇಬಿಯ ಜೊತೆಗೆ ಹೊಂದುವ ಮಾತು ಗೇಟಿನ ಮುಂದೆ ಹೇಗೆ ಕೇಳಿಸಿತೋ ನೀವೇ ಊಹಿಸಿಕೊಳ್ಳಿ. ನನ್ನ ಆ ಒಂದು ನಿಮಿಷ ಮುಗಿಯುವ ಮೊದಲೇ ರೆಡ್ಡಿಯವರು ಪೊಲೀಸರಿಗೆ ಫೋನು ಮಾಡಿ, ಡಿಫೆನ್ಸಿನ ದೊಡ್ಡ ಸಾಹೇಬರೇ ನೋಡಿದ್ದಾರೆ ಎಂದೂ ಸೇರಿಸಿಬಿಟ್ಟಿದ್ದರು. ಜೀಪು ಬಂತು, ಹಗ್ಗ ಕಟ್ಟಿದರು, ಬೀದಿ ತುಂಬಿತು. ಅಷ್ಟು ಜನರ ಮುಂದೆ ‘ನನಗೆ ಮೊದಲೇ ಗೊತ್ತಿತ್ತು’ ಎಂದು ಹೇಗೆ ಹೇಳುವುದು?

ಮೂಲೆಯ ಹೋಟೆಲಿನಿಂದ ಚಹಾ ಕುಡಿದು ಬಂದ ಮಕ್ಬೂಲ್ ತನ್ನ ಗಾಡಿಯ ಸುತ್ತ ಹಗ್ಗ ಕಂಡು ಓಡಿಬಂದ. ಓಡಿದ್ದೇ ತಪ್ಪಾಯಿತು. ನಿಂತಿದ್ದವರೇ ಮೇಲೆಬಿದ್ದು ಹಿಡಿದರು, ಅಂಗಿಯ ತೋಳು ಹರಿಯಿತು, ಹೆಸರು ಕೇಳಿದ ಮೇಲಂತೂ ಯಾರಿಗೂ ಯಾವ ಸಂಶಯವೂ ಉಳಿಯಲಿಲ್ಲ. ‘ರೇಡಿಯೊರಿ ಅದು! ನನ್ನ ರೇಡಿಯೊರಿ!’ ಎಂದು ಕೂಗುತ್ತಿದ್ದವನಿಗೆ ಗುಂಪಿನಲ್ಲಿ ನನ್ನ ಮುಖ ಕಂಡಿತು. ಅವನ ಮುಖದಲ್ಲಿ ಜೀವ ಬಂದದ್ದನ್ನು ನಾನು ನೋಡಿದೆ. ‘ಸಾಹೇಬ್ರ, ನಿಮಗ ಗೊತ್ತೈತಲ್ರಿ! ನೀವರ ಹೇಳ್ರಿ!’

ನನ್ನ ಬಾಯಿ ತೆರೆಯಿತು. ಮಾತು ಬರಲಿಲ್ಲ.

ಬಂದದ್ದು ಬಸವಂತರಾಯರ ಮಾತು. ‘ಯಾವೂರಪಾ ನಿಂದು?’ ಎಂದು ಕೇಳಿ, ತಮ್ಮ ಬೀದರ ಕಡೆಯದೇ ಆದ ಭಾಲ್ಕಿ ಎಂದು ಕೇಳಿಸಿಕೊಂಡು, ಮನುಷ್ಯ ಹಗ್ಗದ ಕೆಳಗೆ ನುಸುಳಿಯೇಬಿಟ್ಟರು. ಅವರು ಮಕ್ಬೂಲನನ್ನು ಹಿಂದೆಂದೂ ಕಂಡವರಲ್ಲ. ನಾಲ್ಕು ದಿನ ಅಂಥವನೊಬ್ಬನ ಗಡ್ಡ ಅಳೆದವರೂ ಅವರೇ. ಆದರೆ ಗಾಬರಿಬಿದ್ದು ಕೇಳುವವನಿಗೆ ಉತ್ತರ ಕೊಡದೆ ಕಿಟಕಿ ಮುಚ್ಚಿ ಅವರಿಗೆ ರೂಢಿಯಿಲ್ಲ. ಪೊಲೀಸರಿಗೆ ತೆಲುಗಿನಲ್ಲಿ, ಜನರಿಗೆ ಹಿಂದಿಯಲ್ಲಿ, ಮಕ್ಬೂಲನಿಗೆ ಕನ್ನಡದಲ್ಲಿ ಮಾತಾಡುತ್ತ, ಯಾರೂ ಕರೆಯದಿದ್ದರೂ ಅವನ ಜೊತೆಗೇ ಜೀಪು ಹತ್ತಿ ಠಾಣೆಗೆ ಹೋದರು.

ನಾನು ಮನೆಗೆ ಬಂದೆ. ಒಳಗೆ ಕಾಲಿಡುತ್ತಲೇ ಸುಶೀಲಾ, ‘ಮಕ್ಬೂಲ್ ಸಿಕ್ಕಿದ್ನೇನ್ರಿ? ಬಚ್ಚಲದಾಗ ಟೈಲ್ಸ್ ಎದ್ದೈತಿ, ಇವತ್ತ ಮುಂಜಾನೆ ಬಾ ಅಂದಿದ್ದೆ’ ಎಂದಳು. ಅವನು ಬಂದದ್ದು ನಮ್ಮ ಮನೆಗೆ! ಜೀವಮಾನದಲ್ಲಿ ಮೊದಲ ಸಲ ನಾನು ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಹುಲ್ಲಿನ ಪೆಟ್ಟಿಗೆಯ ಸಮೇತ. ಅವಳು ಬೈಯಲಿಲ್ಲ. ನನ್ನ ಚಪ್ಪಲಿಯನ್ನು ತಂದು ಬಾಗಿಲ ಮುಂದೆ ಇಟ್ಟಳು.

ಠಾಣೆ ಮುಟ್ಟುವ ಹೊತ್ತಿಗೆ ಡಬ್ಬಿ ಬಿಚ್ಚಿ ನೋಡಿ, ಎಲ್ಲ ಮುಗಿದು, ಅವರಿಬ್ಬರೂ ಹೊರಗೆ ಬರುತ್ತಿದ್ದರು. ಬಸವಂತರಾಯರ ಕೈ ಮಕ್ಬೂಲನ ಹೆಗಲ ಮೇಲಿತ್ತು. ‘ನೀವೂ ಬಂದ್ರ್ಯಾ ಸಾಹೇಬ್ರ?’ ಎಂದು ಅವನು ಎರಡೂ ಕೈ ಜೋಡಿಸಿದ. ಆ ನಮಸ್ಕಾರವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೆ. ನನ್ನಿಂದಲೇ ಇಷ್ಟೆಲ್ಲ ಆದದ್ದು ಎಂದೆ. ಅವನು ಜೋಡಿಸಿದ ಕೈಗಳನ್ನು ಮೆಲ್ಲಗೆ ಇಳಿಸಿ, ‘ಬಚ್ಚಲದ ಕೆಲಸ ಇವತ್ತ ಮುಗಿಸ್ತೀನ್ರಿ’ ಎಂದಷ್ಟೇ ಹೇಳಿದ.

ಮಧ್ಯಾಹ್ನ ಬಂದು ಮುಗಿಸಿದ. ಡಬ್ಬಿ ಪಕ್ಕದಲ್ಲೇ ಇತ್ತು, ವೈರನ್ನು ಸುತ್ತಿ ಒಳಗೆ ತುರುಕಿದ್ದ. ರೇಡಿಯೊ ಹಾಕೋದಿಲ್ಲೇನಪಾ ಎಂದು ನಾನೇ ಕೇಳಿದೆ. ಮುಖ ಮೇಲೆತ್ತದೆ ಅವನೆಂದ: ‘ಇನ್ನ ಬ್ಯಾಡ್ರಿ ಸಾಹೇಬ್ರ. ಸುಮ್ನಿದ್ರ ಚಲೋ.’ ಮೂವತ್ತೆರಡು ವರ್ಷ ನಾನು ಅಭ್ಯಾಸ ಮಾಡಿದ ವಿದ್ಯೆಯನ್ನು ಅವನು ಒಂದೇ ಬೆಳಗಿನಲ್ಲಿ ಕಲಿತುಬಿಟ್ಟಿದ್ದ. ಕಲಿಸಿದವನು ನಾನು.

ಮರುದಿನ ಬೆಂಚಿನಲ್ಲಿ ಬಸವಂತರಾಯರ ಸುತ್ತ ಜನ ಕಿಕ್ಕಿರಿದಿದ್ದರು. ಠಾಣೆಯಲ್ಲಿ ಏನಾಯಿತು, ಯಾರು ಏನಂದರು ಎಂದು ಒಂದೇ ಸಮನೆ ಕೇಳುತ್ತಿದ್ದರು. ಅಂದು ಅವರು ಹೊತ್ತು, ನಿಮಿಷ ಏನನ್ನೂ ಹೇಳಲಿಲ್ಲ. ‘ರೇಡಿಯೊ ಇತ್ರಿ’ ಎಂದು ಸುಮ್ಮನಾದರು. ಆಗ ನಾನು ಗಂಟಲು ಸರಿಮಾಡಿಕೊಂಡು, ಡಬ್ಬಿಯ ಗುರುತು ಮೊದಲೇ ಸಿಕ್ಕಿದ್ದನ್ನೂ, ಸಿಕ್ಕಿಯೂ ನಾನು ಅಂದ ಮಾತನ್ನೂ, ಅದಕ್ಕೆ ಕಾರಣವಾದ ಹೊಟ್ಟೆಕಿಚ್ಚನ್ನೂ ಒಂದೂ ಬಿಡದೆ ಹೇಳಿದೆ. ಎಲ್ಲ ಕುತ್ತಿಗೆಗಳೂ ನನ್ನ ಕಡೆಗೆ ಹೊರಳಿದವು. ಆರು ವರ್ಷ ಹಂಬಲಿಸಿದ ಸಭೆ ಕೊನೆಗೂ ಪೂರ್ತಿ ನನ್ನದಾಗಿತ್ತು, ಯಾರಾದರೂ ಬೇರೆ ಮಾತು ತೆಗೆಯಬಾರದೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ರೆಡ್ಡಿಯವರು ನೆಲ ನೋಡಿದರು. ಬಸವಂತರಾಯರು ಸ್ವಲ್ಪ ಸರಿದು ಕೂತರು. ನನಗೆ ನಡುವಿನವರೆಗೂ ಜಾಗವಾಯಿತು. ನಾನು ಸರಿಯಲಿಲ್ಲ.

ಈಗಲೂ ಎಡತುದಿಯಲ್ಲೇ ಕೂರುತ್ತೇನೆ, ಕುತ್ತಿಗೆ ಈಗಲೂ ಬಲಕ್ಕೇ ಸಲೀಸು. ಹೊಟ್ಟೆಕಿಚ್ಚು ಆರಿತೆಂದು ಹೇಳಿದರೆ ಸುಳ್ಳಾದೀತು, ಅದು ಮೊದಲಿಗಿಂತ ಹೆಚ್ಚಾಗಿದೆ. ಆದರೆ ಈಗ ಕಣ್ಣು ಬಸವಂತರಾಯರ ಬಾಯಿಯ ಮೇಲೆ ನಿಲ್ಲುವುದಿಲ್ಲ. ಇನ್ನೂ ಸ್ವಲ್ಪ ಕೆಳಗೆ ಇಳಿದು, ಅಂದು ಯಾರೂ ಕರೆಯದೆ ಜೀಪು ಹತ್ತಿದ ಆ ಎರಡು ಹಳೆಯ ಕಾಲುಗಳ ಮೇಲೆ ನಿಲ್ಲುತ್ತದೆ.