ದೊಡ್ಡವ್ವ ಇಂಗ್ಲೆಂಡಿನ ವಾಡೆ ನೋಡಿದ್ದು

ನಮ್ಮ ದೊಡ್ಡವ್ವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ಗಟ್ಟಿಯಾದ ಗಂಟೊಂದಿತ್ತು. ಕಸಬರಿಗೆ ಹಿಡಿದು ಹಿಡಿದು ಆದದ್ದು. ಅವ್ವ ತೀರಿಕೊಂಡ ಮೇಲೆ ನಾನು ಬೆಳೆದದ್ದು ಗಬ್ಬೂರಿನಲ್ಲಿ, ಅವ್ವನ ಈ ಅಕ್ಕನ ಮಡಿಲಲ್ಲಿ. ಊರ ಗೌಡರ ವಾಡೆಯ ಅಂಗಳ, ಕೊಟ್ಟಿಗೆ ಗುಡಿಸುವುದು ಆಕೆಯ ಕೆಲಸ. ಹೋಗುವುದು ಹಿತ್ತಲ ಬಾಗಿಲಿನಿಂದ, ಬರುವುದೂ ಅಲ್ಲಿಂದಲೇ. ವಾಡೆಯ ಮುಂದಿನ ಹೊಸ್ತಿಲನ್ನು ಆಕೆ ಒಮ್ಮೆಯೂ ದಾಟಿರಲಿಲ್ಲ.

ಬಾಯಿ ಮಾತ್ರ ಜೋರು. ನಾನು ದೇವದುರ್ಗದಲ್ಲಿ ಶಾಲೆ, ರಾಯಚೂರಿನಲ್ಲಿ ನರ್ಸಿಂಗ್ ಮುಗಿಸಿ ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ಸೇರಿದ್ದೆ. ನನ್ನ ಬಾಣಂತನಕ್ಕೆಂದು ಬಂದ ದೊಡ್ಡವ್ವ ಬಸ್ ನಿಲ್ದಾಣದಲ್ಲಿ ಸಿಕ್ಕ ಬಿಳಿಯರನ್ನೆಲ್ಲ "ಚಾ ಆತೇನ್ರಿ?" ಎಂದು ವಿಚಾರಿಸುತ್ತಿದ್ದಳು. ಅವರು ನಕ್ಕು ಏನಾದರೂ ಅಂದರೆ ನನ್ನ ಕಡೆ ತಿರುಗಿ "ಆಗ್ಯಾದಂತ" ಎಂದು ಅರ್ಥ ಹೇಳುವಳು.

ಆಕೆ ಊರಿಗೆ ಮರಳುವ ಮುಂಚಿನ ಭಾನುವಾರ ಕೂಸನ್ನು ಗಂಡನ ಕೈಗೆ ಕೊಟ್ಟು ಹೊರಟೆ. ಮಾನ್ವಿಯವರಾದ ನನ್ನ ಗಂಡನಿಗೆ ಕೀಟಲೆ ಜಾಸ್ತಿ. "ದೊಡ್ಡವ್ವನ್ನ ರಾಣಿ ಮಾಡಾಕ ಹೊಂಟೀ ಏನು?" ಅಂದರು. ನಾವಿದ್ದ ಇಂಗ್ಲೆಂಡಿನ ಊರಾಚೆ ಹಳೆಯ ದೊರೆಮನೆತನದ ಬಂಗಲೆಯೊಂದಿತ್ತು. ಈಗ ಟಿಕೆಟ್ ಕೊಂಡವರು ಯಾರಾದರೂ ನೋಡಬಹುದು. ಇಂಥ ಮನೆಯೊಳಗೆ ದೊಡ್ಡವ್ವ ಒಮ್ಮೆಯಾದರೂ ಮುಂಬಾಗಿಲಿನಿಂದ ತಲೆಯೆತ್ತಿ ನಡೆಯಬೇಕು ಎಂಬುದು ನನ್ನ ಹಟ.

ಮೊದಲು ತೋಟ ಸುತ್ತಿದೆವು. ಕತ್ತರಿಸಿ ನುಣುಪಾಗಿಸಿದ ಹುಲ್ಲಿನ ಬಯಲು ನೋಡಿ ಆಕೆಗೆ ಕಸಿವಿಸಿ. "ಇಷ್ಟು ನೆಲಕ್ಕ ಬರೇ ಹುಲ್ಲ ಬೆಳಸ್ಯಾರ. ಒಂದು ಎಮ್ಮಿನೂ ಕಾಣವಲ್ದು."

ಸೇಬಿನ ಗಿಡಗಳ ಕೆಳಗೆ ಬಂದಾಗ ತಟ್ಟನೆ ಕುಕ್ಕರಗಾಲಿನಲ್ಲಿ ಕೂತಳು. "ಹಕ್ಕರಕಿ ಅದ ಬೇ ಇಲ್ಲಿ." ನಮ್ಮ ಕಡೆ ಜೋಳದ ರೊಟ್ಟಿಯೊಂದಿಗೆ ಹಸಿಯಾಗಿಯೇ ತಿನ್ನುವ ಸೊಪ್ಪು ಅದು. ಇಲ್ಲಿದ್ದದ್ದು ಹಕ್ಕರಕಿಯಲ್ಲ, ಅದರ ದೂರದ ನೆಂಟ, ಹಳದಿ ಹೂವಿನ ಇಂಗ್ಲಿಷ್ ಕಳೆ. ನಾನು ಬೇಡವೆನ್ನುವಷ್ಟರಲ್ಲಿ ಉಡಿ ಅರ್ಧ ತುಂಬಿತ್ತು. ತೋಟದ ಮಾಲಿ ನಮ್ಮತ್ತಲೇ ಬಂದ. ಬೈಯುತ್ತಾನೆಂದೇ ಅಂದುಕೊಂಡೆ. ದೊಡ್ಡವ್ವ ಎಳೆಯ ಎಲೆಯೊಂದನ್ನು ಸೆರಗಿಗೆ ಒರೆಸಿ ಅವನಿಗೇ ಚಾಚಿದಳು. "ತಿನ್ರಿ, ಬಾಯಿಗೆ ಚಲೋ." ಅವನು ತಿಂದು ಮುಖ ಹಿಂಡಿ, ನಕ್ಕು, ಬೇಕಾದಷ್ಟು ಕಿತ್ತುಕೊಳ್ಳಿ, ನನಗೂ ಕೆಲಸ ಕಡಿಮೆಯಾಗುತ್ತದೆ ಅಂದ.

ಬಂಗಲೆಯ ಮೆಟ್ಟಿಲ ಬಳಿ ಮಾತ್ರ ಆ ಗತ್ತೆಲ್ಲ ಇಳಿಯಿತು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತೇ ಬಿಟ್ಟಳು.

"ನಡಿ ದೊಡ್ಡವ್ವ."

"ಯಾರೂ ಬರ್ರಿ ಅಂದಿಲ್ಲಲ್ಲ."

"ಟಿಕೀಟ್ ತಗೊಂಡೀವಿ."

"ಟಿಕೀಟ್ ಬಸ್ಸಿಗೆ ತಗೀತಾರ. ಮನಿಗೆ ಮನ್ಯಾಗಿನವ್ರು ಕರೀಬೇಕು." ಆಮೇಲೆ ದನಿ ತಗ್ಗಿಸಿ, "ಹಿತ್ತಲ ಬಾಗ್ಲಾ ಎಲ್ಲದ ನೋಡು, ಅಲ್ಲಿಂದ ಹೋಗೋಣು" ಅಂದಳು.

ನನಗೆ ಸಿಟ್ಟು ಬಂತು, ಅಳುವೂ ಬಂತು. "ಇಲ್ಲಿ ಗೌಡರೂ ಇಲ್ಲ, ಗೌಡಸಾನಿನೂ ಇಲ್ಲ. ಯಾರಿಗೆ ಅಂಜಾಕತ್ತಿ?" ಆಕೆ ಕದಲಲಿಲ್ಲ. ಜನ ನಮ್ಮ ಪಕ್ಕದಿಂದ ಸರಿದು ಒಳಗೆ ಹೋಗುತ್ತಿದ್ದರು.

ಬಂದವರಿಗೆ ಮನೆ ತೋರಿಸಲು ಬಾಗಿಲಲ್ಲಿ ಕೂತಿದ್ದ ನರೆಗೂದಲ ಹೆಂಗಸು ಎದ್ದು ಬಂದು ಏನಾಯಿತೆಂದು ಕೇಳಿದಳು. ನಾಚಿಕೆಯಿಂದಲೇ ಹೇಳಿದೆ. ನಗಲಿಲ್ಲ ಆಕೆ. ನಿಮ್ಮ ಭಾಷೆಯಲ್ಲಿ ಹೇಗೆ ಕರೆಯುತ್ತಾರೆ ಎಂದು ಕೇಳಿ ತಿಳಿದುಕೊಂಡು, ಮೆಟ್ಟಿಲಿಳಿದು, ಎರಡೂ ಕೈ ಚಾಚಿ, "ಬರ್ರಿ" ಎನ್ನಲು ಹೋಗಿ "ಬಾರಿ" ಅಂದಳು. ಅಷ್ಟು ಸಾಕಾಯಿತು. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಬಲಗಾಲಿಟ್ಟು ಒಳಗೆ ಬಂದಳು. ಕರೆದ ಆ ಹೆಂಗಸೇ ಮನೆಯೊಡತಿ ಎಂದು ತಿಳಿದಿದ್ದಳು. ನಾನು ತಿದ್ದಲು ಹೋಗಲಿಲ್ಲ.

ಒಳಗೆ ಊಟದ ಮೇಜಿನ ಮೇಲೆ ಸಾಲಾಗಿ ಖಾಲಿ ತಟ್ಟೆಗಳು. "ತಾಟು ಹಾಕ್ಯಾರ, ಉಣ್ಣಾಕ ಕರಿಯಂಗಿಲ್ಲ. ಇದ್ಯಾವ ಸೀಮಿ ರಿವಾಜು?" ಎಂದು ಗೊಣಗಿದಳು. ಪಡಸಾಲೆಯ ಕೊನೆಗೆ ಗೋಡೆಯಂತೆಯೇ ಕಾಣುವ ಸಣ್ಣ ಬಾಗಿಲು, ಅದರ ಹಿಂದೆ ಆಳುಗಳು ಓಡಾಡುತ್ತಿದ್ದ ಇಕ್ಕಟ್ಟು ಮೆಟ್ಟಿಲು. ತೂಗುದೀಪಗಳನ್ನು ಕಣ್ಣೆತ್ತಿ ನೋಡದವಳು ಅಲ್ಲಿ ಕೂತು, ಸವೆದ ಕಲ್ಲಿನ ತಗ್ಗನ್ನು ಸವರಿದಳು. "ಎಷ್ಟು ಮಂದಿ ಹೆಣ್ಮಕ್ಕಳು ನೀರು ಹೊತ್ತಾರೋ ಏನೋ." ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಹಳೆಯ ಸಿಟ್ಟೊಂದು ನೆನಪಾಗಿ ಕೇಳಿದೆ. ಬೇರೆ ಆಳುಗಳ ಮಕ್ಕಳು ತಾಯಂದಿರ ಹಿಂದೆ ವಾಡೆಗೆ ಹೋಗಿ ಬೆಲ್ಲ, ಹಳೆಯ ಲಂಗ ತರುತ್ತಿದ್ದರು. ಎಷ್ಟು ಅತ್ತರೂ ನನ್ನನ್ನು ಒಂದು ದಿನವೂ ಕರೆದೊಯ್ಯಲಿಲ್ಲವಲ್ಲ, ಯಾಕೆ?

ದೊಡ್ಡವ್ವ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ನನ್ನ ಕಾಲು ಹಿತ್ತಲಕಡಿನ ಎಳೀತಾವ. ಇವತ್ತು ನೋಡಿದಿಲ್ಲ? ನಿನ್ನ ಕಾಲಿಗೆ ಆ ರೂಢಿ ಹತ್ತಬಾರದಂತ ಬಿಟ್ಟು ಹೋಗ್ತಿದ್ದೆ."

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಮಣ್ಣು ಕೊಡುವ ಹೊತ್ತಿಗೆ ನಾನು ಊರು ಮುಟ್ಟಲಾಗಲಿಲ್ಲ. ಆ ಸಂಕಟ ಇನ್ನೂ ಇದೆ. ಆಸ್ಪತ್ರೆಯಿರಲಿ, ಕಚೇರಿಯಿರಲಿ, ಯಾರ ಮನೆಯೇ ಇರಲಿ, ಯೋಚಿಸದೆ ಮುಂಬಾಗಿಲಿಗೇ ನಡೆಯುವವಳು ನಾನು. ಆ ಬಸ್ಸಿನಲ್ಲಿ ಕೂರುವವರೆಗೂ ಅದನ್ನು ನನ್ನದೇ ಧೈರ್ಯ ಅಂದುಕೊಂಡಿದ್ದೆ.