ಕೇಬಲ್ ಕಿತ್ತ ಮೇಲೆ ಕಂಡ ಚಿತ್ರ

ಶಕುನ, ಸೂಚನೆ, ಪವಾಡ ಇಂಥವನ್ನೆಲ್ಲ ನಾನು ನಂಬಿದವನಲ್ಲ. ನಮ್ಮ ಹನುಮಸಾಗರದ ಕಟ್ಟೆಯ ಮೇಲೆ ಯಾರಾದರೂ ಅಂಥ ಕಥೆ ಶುರು ಮಾಡಿದರೆ ಮೊದಲು ನಗುತ್ತಿದ್ದವನೇ ನಾನು. ಈಗ ನೀವು ನನ್ನನ್ನು ನೋಡಿ ನಕ್ಕರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಗಂಗಾವತಿ ಸಮೀಪದ ಒಂದು ರೈಸ್ ಮಿಲ್ಲಿನಲ್ಲಿ ಕೆಲಸ ಹಿಡಿದಿದ್ದೆ. ಅಕ್ಕಿಯಲ್ಲಿನ ಕಪ್ಪು ಕಾಳು ಗುರುತಿಸಲು ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು, ಅದಕ್ಕೊಂದು ಪುಟ್ಟ ಕ್ಯಾಮೆರಾ, ಒಂದು ಪರದೆ. ಕ್ಯಾಮೆರಾದ ಸೆನ್ಸರ್ ಕಂಡದ್ದನ್ನು ಬೋರ್ಡಿಗೆ ತಲುಪಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆದವನು ನಾನೇ. ಮೂರು ದಿನ ನಿದ್ದೆಗೆಟ್ಟು ಹೆಣಗಿದರೂ ಪರದೆಯ ಮೇಲೆ ಕಪ್ಪು ಬಿಟ್ಟು ಬೇರೇನೂ ಮೂಡಿರಲಿಲ್ಲ. ತಲೆ ಕೆಟ್ಟು ಹೋಗಿತ್ತು.

ನಾಲ್ಕನೆಯ ದಿನ ಅಮಾವಾಸ್ಯೆ. ಅಂದು ಮಿಲ್ಲು ನಿಲ್ಲಿಸಿ, ಯಂತ್ರಗಳನ್ನು ಒರೆಸಿ ಪೂಜೆ ಮಾಡುತ್ತಾರೆ. ಕಾಯಿ ಒಡೆದ ಕೂಡಲೇ ಮೋಟರನ್ನು ಒಂದು ನಿಮಿಷ ಓಡಿಸುವುದು ಅಲ್ಲಿಯ ಪದ್ಧತಿ. ಬೆಳಗ್ಗೆ ಹತ್ತರ ಸುಮಾರಿಗೆ ಹೋಗಿ ನೋಡಿದರೆ ನನ್ನ ಕ್ಯಾಮೆರಾದ ಲೆನ್ಸಿನ ಮೇಲೂ ವಿಭೂತಿ, ಕುಂಕುಮ ಮೆತ್ತಿದ್ದರು! ನಾನು ರೇಗಿದೆ. ಮಿಲ್ಲಿನ ಮೇಸ್ತ್ರಿ ದ್ಯಾಮಣ್ಣ ತಣ್ಣಗೆ, “ಎಲ್ಲಾ ಮಷಿನ್‌ಗೂ ಹಚ್ಚೇವ್ರಿ ಸರ್. ಇದೊಂದನ್ನ ಬಿಟ್ರ ಅದಕ್ಕ ಬ್ಯಾಸರ ಆಗಂಗಿಲ್ಲೇನ್ರಿ?” ಎಂದ.

ವಾದ ಮಾಡಿ ಪ್ರಯೋಜನವಿಲ್ಲವೆಂದು ಬೋರ್ಡಿಗಿದ್ದ ಕೇಬಲ್ ಕಿತ್ತು, ಕ್ಯಾಮೆರಾವನ್ನು ಬಟ್ಟೆಯಿಂದ ಒರೆಸುತ್ತ ಕುಳಿತೆ. ಆಗ ಬೋರ್ಡಿನ ಪರದೆ ಬೆಳಗಿತು. ಕ್ಯಾಮೆರಾ ನನ್ನ ಮುಷ್ಟಿಯಲ್ಲಿದೆ, ಪರದೆಯಲ್ಲಿ ಚಿತ್ರವಿದೆ! ಇಕ್ಕಟ್ಟಾದ ಸಿಮೆಂಟ್ ಗೋಡೆ, ಕಬ್ಬಿಣದ ಬಕೆಟ್ಟುಗಳ ಸಾಲು, ಅವುಗಳ ನಡುವೆ ಧೂಳು ಒರೆಸುತ್ತಿರುವ ಹಸಿರು ಬಳೆಯ ಒಂದು ಕೈ. ಭತ್ತವನ್ನು ಮೇಲಕ್ಕೆತ್ತುವ ಎಲಿವೇಟರಿನ ಬುಡದಲ್ಲಿರುವ ಆಳದ ಗುಂಡಿ ಅದು ಎಂದು ಹೊಳೆಯುವಷ್ಟರಲ್ಲಿ ಕಾಯಿ ಒಡೆದ ಸದ್ದು ಕೇಳಿತು. ದ್ಯಾಮಣ್ಣ ಸ್ವಿಚ್ಚಿನತ್ತ ಕೈ ಚಾಚಿದ್ದ.

“ಹಾಕಬ್ಯಾಡ್ರೀ! ಗುಂಡಿಯೊಳಗ ಯಾರೋ ಅದಾರ!” ಎಂದು ಕಿರುಚಿದೆ.

ಎಲ್ಲರೂ ಓಡಿದೆವು. ಮಿಲ್ಲಿನ ಕಸ ಗುಡಿಸುವ ಹುಲಿಗೆಮ್ಮ ಗುಂಡಿಯೊಳಗೆ ಕುಕ್ಕರುಗಾಲಲ್ಲಿ ಕೂತು ಬಕೆಟ್ಟು ಒರೆಸುತ್ತಿದ್ದಳು. ಕೈಯಲ್ಲಿ ಹಸಿರು ಬಳೆ. ಪೂಜೆಗೆ ಎಲ್ಲವೂ ಚೊಕ್ಕಟವಾಗಿರಲೆಂದು ಯಾರಿಗೂ ಹೇಳದೆ ಇಳಿದಿದ್ದಳು. ಮೋಟರ್ ತಿರುಗಿ ಬಕೆಟ್ಟುಗಳು ಓಡಿದ್ದರೆ ಅವಳು ಉಳಿಯುತ್ತಿರಲಿಲ್ಲ. ದ್ಯಾಮಣ್ಣ ಕೈಗೊಟ್ಟು ಅವಳನ್ನು ಮೇಲಕ್ಕೆ ಹತ್ತಿಸಿದ.

ಮರಳಿ ಬಂದು ನೋಡಿದರೆ ಪರದೆ ಕಪ್ಪಗಿತ್ತು. ಬೋರ್ಡಿನ ದಾಖಲೆ ತೆರೆದೆ. ಬಂದ ಚಿತ್ರಗಳ ಸಂಖ್ಯೆ ಸೊನ್ನೆ. ಹಳೆಯ ಚಿತ್ರವೇನಾದರೂ ಮೆಮೊರಿಯಲ್ಲಿ ಉಳಿದಿತ್ತೆನ್ನೋಣವೆಂದರೆ ಆ ಕ್ಯಾಮೆರಾ ಅಲ್ಲಿಯವರೆಗೆ ಒಂದೂ ಚಿತ್ರ ಹಿಡಿದಿರಲಿಲ್ಲ, ಗುಂಡಿಯ ಹತ್ತಿರ ಹೋಗಿರಲೂ ಇಲ್ಲ. ಎರಡು ದಿನ ಬಿಟ್ಟು ಡ್ರೈವರಿನ ತಪ್ಪು ಸಿಕ್ಕಿತು. ಆ ತಪ್ಪಿರುವ ತನಕ ಚಿತ್ರ ಮೂಡಲು ಸಾಧ್ಯವೇ ಇರಲಿಲ್ಲ. ಅದು ಗೊತ್ತಾದಾಗ ಮೈ ಜುಮ್ಮೆಂದಿತು, ಯಾಕೋ ಕಣ್ಣೂ ತುಂಬಿ ಬಂತು. ಬಲ್ಲವರನ್ನು ಕೇಳಿದ್ದೇನೆ. ನಿನಗೆ ನಿದ್ದೆ ಸಾಲದಾಗಿತ್ತು ಎನ್ನುತ್ತಾರೆ. ಇದ್ದೀತು. ಆದರೆ ಹುಲಿಗೆಮ್ಮ ಗುಂಡಿಯಲ್ಲಿದ್ದದ್ದು ನನ್ನ ನಿದ್ದೆಗೆ ಹೇಗೆ ತಿಳಿಯಬೇಕು?

ನಾನು ಊರಿಗೆ ಹೊರಟ ದಿನ ಅವಳು ಗೇಟಿನ ಬಳಿ ಕಾದು ನಿಂತಿದ್ದಳು. “ನಾ ಒಳಗ ಇಳದಿದ್ದು ಯಾರಿಗೂ ಗೊತ್ತಿದ್ದಿಲ್ರೀ ಯಪ್ಪಾ. ನಿಮಗ ತೋರಿಸಿದವರು ಯಾರಂತ ಹೇಳ್ರಿ, ಅವರ ಹೆಸರಿಲೆ ಒಂದು ದೀಪಾ ಹಚ್ಚತೀನಿ” ಎಂದಳು.

ಹೇಳಲು ನನ್ನ ಬಳಿ ಯಾವ ಹೆಸರೂ ಇರಲಿಲ್ಲ. ಈಗಲೂ ಇಲ್ಲ.